ಗಂಟು ಯಾರ ಕೆಲಸ?

ಗೂಡಿನ ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಐದು ಗೀಜಗಗಳಿಗೆ ಮುದಿ ಗುರುಗಳು, "ಇನ್ನು ಮಾಡಿ ಕಲಿಯಿರಿ. ಹುಣ್ಣಿಮೆಯೊಳಗೆ ಒಂದು ಗೂಡು ಕಟ್ಟಿ. ಚಿಗುರನೇ ನಾಯಕ" ಎಂದರು.

ಚಿಗುರ ಹಿಗ್ಗಿದ. ಇಬ್ಬರಿಗೆ ಹುಲ್ಲು ತರಲು, ಇಬ್ಬರಿಗೆ ಹೆಣೆಯಲು ಹೇಳಿ, ತಾನು ಮೇಲಿನ ಕೊಂಬೆಯಲ್ಲಿ ಕೂತು, "ಬೇಗ, ಬೇಗ!" ಎಂದು ಕೂಗುತ್ತಿದ್ದ. ಗೂಡು ಒಂದು ದಿನ ಮೊದಲೇ ಮುಗಿಯಿತು.

ಮನೆ ನೋಡಲು ಬಂದ ಹೆಣ್ಣು ಗೀಜಗ ಅದನ್ನು ಕೊಕ್ಕಿನಿಂದ ಜಗ್ಗಿದಳು. ಗೂಡು ಕಳಚಿ ಕೆಳಗಿನ ಬಾವಿಗೆ ಬಿತ್ತು.

"ಕೊಂಬೆಗೆ ಗಂಟು ಬಿಗಿದವರು ಯಾರು?" ಎಂದು ಆಕೆ ಕೇಳಿದಳು.

"ಆ ಕೆಲಸ ನಮಗೆ ಹೇಳಿರಲಿಲ್ಲ" ಎಂದರು ನಾಲ್ವರೂ.

ಚಿಗುರ ಎದೆಯುಬ್ಬಿಸಿದ. "ಆದರೂ ನನ್ನ ನಾಯಕತ್ವದಲ್ಲಿ ಕೆಲಸ ಒಂದು ದಿನ ಮೊದಲೇ ಮುಗಿಯಿತು!"

"ಸಂತೋಷ. ಹಾಗಾದರೆ ಮೊಟ್ಟೆಗಳನ್ನು ನಿನ್ನ ನಾಯಕತ್ವದಲ್ಲೇ ಇಡಲೇ?" ಎಂದು ಕೇಳಿ ಆಕೆ ಹಾರಿಹೋದಳು.