ಕಬ್ಬಿಣಕ್ಕೆ ತಾಗದ ತಂತಿ

"ಬುದ್ಧಿ, ಪುಟ್ಟಬಸವನನ್ನು ಒಳಮನೆಯಲ್ಲಿ ಕೂರಿಸಿಕೊಂಡು ಪಾಠ ಹೇಳುತ್ತೀರಿ. ನನಗೆ ಜಗಲಿಯಲ್ಲಿ ಹೇಳುತ್ತೀರಿ. ಅವನಿಗೆ ಕೊಡುತ್ತಿರುವುದೇನು, ನನ್ನಿಂದ ಮುಚ್ಚಿಡುತ್ತಿರುವುದೇನು?"

ಹೀಗೆ ಕೇಳಿದ ಶಿಷ್ಯ ಮರಿಸ್ವಾಮಿಯ ಕಂಕುಳಲ್ಲಿ ಬಟ್ಟೆಯ ಗಂಟು ಆಗಲೇ ಇತ್ತು. ಉತ್ತರ ಸಿಗದಿದ್ದರೆ ಅವನು ಮಠ ಬಿಡುವವನೇ.

ಗುರುಗಳು ಹೇಳಿದರು: "ಕೂರು. ಹೋಗುವುದಿದ್ದರೆ ಇದನ್ನು ಕೇಳಿಕೊಂಡು ಹೋಗು."

ಒಬ್ಬ ವ್ಯಾನಿನವನಿದ್ದ. ಒಬ್ಬ ತಂಬೂರಿ ಹಾಡುಗಾರನನ್ನು ಕೂರಿಸಿಕೊಂಡು ಊರೂರು ತಿರುಗುತ್ತಿದ್ದ. ವ್ಯಾನೇ ಅವರಿಗೆ ವೇದಿಕೆ. ಅದರ ಒಂದೇ ಬ್ಯಾಟರಿಯಿಂದ ಮೈಕಿನ ಆಂಪ್ಲಿಫೈಯರೂ ನಡೆಯಬೇಕು, ಶ್ರುತಿಪೆಟ್ಟಿಗೆಯೂ ನಡೆಯಬೇಕು. ಬ್ಯಾಟರಿ ಇಳಿಯದಿರಲೆಂದು ಎಂಜಿನ್ ಓಡುತ್ತಲೇ ಇರಬೇಕು. ಎಂಜಿನ್ ಓಡಿತೆಂದರೆ ಹಾಡಿನೊಳಗೆ ಗುಂಯ್ ಎನ್ನುವ ಸದ್ದು. ಜನ ಎದ್ದು ಹೋಗತೊಡಗಿದರು.

"ಅಣ್ಣ, ಹನ್ನೆರಡು ವರ್ಷ ನಿನ್ನ ಜೊತೆ ತಿರುಗಿದೆ. ಈ ಸದ್ದು ನಿಲ್ಲದಿದ್ದರೆ ನಾನು ಇಳಿದುಬಿಡುತ್ತೇನೆ" ಎಂದ ಹಾಡುಗಾರ.

ಆಮೇಲೆ ತಾನೇ ಹೋಗಿ ಒಬ್ಬ ರಿಪೇರಿಯವನನ್ನು ಕರೆತಂದ. ವ್ಯಾನಿನವನ ತಲೆಗೆ ಅನುಮಾನದ ಹುಳ ಹೊಕ್ಕಿದ್ದು ಆಗಲೇ. ನನ್ನನ್ನು ಕೇಳದೆ ಇವನನ್ನೇಕೆ ತಂದ? ಇಬ್ಬರೂ ಚಹಾ ಕುಡಿಯುತ್ತಾ ಮೆಲ್ಲಗೆ ಮಾತಾಡಿದ್ದೇನು? ಬೇರೆ ವ್ಯಾನು ಗೊತ್ತುಮಾಡಿಕೊಂಡಿದ್ದಾರೆಯೇ?

ರಿಪೇರಿಯವನು ಎರಡು ಪೆಟ್ಟಿಗೆ ಮಾಡಿ ತಂದ. ಒಂದು ಆಂಪ್ಲಿಫೈಯರಿಗೆ, ಒಂದು ಶ್ರುತಿಪೆಟ್ಟಿಗೆಗೆ. "ಎರಡೂ ಇದೇ ಬ್ಯಾಟರಿಯಿಂದ ಉಣ್ಣುತ್ತವೆ. ಆದರೆ ಇದರಿಂದ ಹೊರಡುವ ತಂತಿ ಅದರ ತಂತಿಗೂ ತಾಗಬಾರದು, ಗಾಡಿಯ ಕಬ್ಬಿಣಕ್ಕೂ ತಾಗಬಾರದು" ಎಂದ.

ಗಾಡಿಯವರ ರೂಢಿ ಬೇರೆ. ದೀಪವಾಗಲಿ, ಹಾರನ್ನಾಗಲಿ, ಕಪ್ಪು ತಂತಿಯನ್ನು ಗಾಡಿಯ ಕಬ್ಬಿಣಕ್ಕೆ ಬಿಗಿಯುತ್ತಾರೆ. ಹೋದ ಕರೆಂಟು ಆ ಕಬ್ಬಿಣದ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಎಂಜಿನ್ನಿನ ಗುಂಯ್ ಕೂಡ ಅದೇ ಕಬ್ಬಿಣದಿಂದ ಹಾಡಿಗೆ ನುಗ್ಗುತ್ತದೆ.

"ಮೂವತ್ತು ವರ್ಷ ಗಾಡಿ ಓಡಿಸಿದ್ದೇನೆ. ನನಗೇ ಪಾಠ ಹೇಳ್ತೀಯೇನಯ್ಯ?"

"ಗಾಡಿ ನಿಮ್ಮದೇ ಸ್ವಾಮಿ. ಸದ್ದೂ ನಿಮ್ಮದೇ ಆಗಿತ್ತಲ್ಲ!"

ಹಾಡುಗಾರ ನಕ್ಕ. ಆ ನಗು ವ್ಯಾನಿನವನನ್ನು ಚುಚ್ಚಿತು.

ಅಂದು ಸಂಜೆ ಹಾಡು ತೊಳೆದಿಟ್ಟ ಹಾಗೆ ಕೇಳಿಸಿತು. ಸದ್ದಿಲ್ಲ. ಜನ ಕೊನೆಯವರೆಗೂ ಕುಳಿತರು. ವ್ಯಾನಿನವನಿಗೆ ಮಾತ್ರ ಹಾಡಿನ ಕಡೆ ಗಮನವಿಲ್ಲ. ಅವನ ಕಣ್ಣು ಪೆಟ್ಟಿಗೆಗಳ ಮೇಲೆ.

ಮರುದಿನ ಹಾಡುಗಾರ ಸ್ನಾನಕ್ಕೆ ಹೋದಾಗ ವ್ಯಾನಿನವನು ಒಂದು ಪೆಟ್ಟಿಗೆ ಬಿಚ್ಚಿ ನೋಡಿದ. ಒಳಗೆ ಎರಡು ತಂತಿಸುರುಳಿ. ಒಂದು ಬ್ಯಾಟರಿಯ ಕಡೆಯದು, ಒಂದು ಹಾಡಿನ ಕಡೆಯದು. ಎರಡಕ್ಕೂ ನಡುವೆ ಕೂದಲಷ್ಟು ತಂತಿಯೂ ಸೇರಿರಲಿಲ್ಲ. ಮೊದಲ ಸುರುಳಿಯ ಮಿಡಿತ ಎರಡನೆಯದರಲ್ಲಿ ತಾನಾಗಿ ಏಳುವಂತೆ ರಿಪೇರಿಯವನು ಸುತ್ತಿದ್ದ. ಅದು ವ್ಯಾನಿನವನಿಗೆ ತಿಳಿಯದು. "ಸಿಕ್ಕಿಬಿದ್ದ ಕಳ್ಳ! ಸೇರದೆ ಕರೆಂಟು ದಾಟುವುದುಂಟೇ? ಎಲ್ಲೋ ನಡುದಾರಿಯಲ್ಲಿ ಕೈಕೊಡುವ ಹುನ್ನಾರವಿದು" ಎಂದುಕೊಂಡ. ಎರಡೂ ಪೆಟ್ಟಿಗೆಗಳ ಕಪ್ಪು ತಂತಿಗಳನ್ನು, ಒಳಗೆ ಬರುವುದನ್ನೂ ಹೊರಗೆ ಹೋಗುವುದನ್ನೂ ಸೇರಿಸಿ, ಗಾಡಿಯ ಕಬ್ಬಿಣಕ್ಕೆ ಬೋಲ್ಟ್ ಹಾಕಿ ಬಿಗಿದ. ಆಗ ಅವನ ಮನಸ್ಸು ನಿರಾಳವಾಯಿತು.

ಅಂದು ಸಂಜೆ ಮುಂದಿನ ಊರಿನಲ್ಲಿ ಹಾಡುಗಾರ ಮೊದಲ ಪದ ಎತ್ತಿದ. ಗುಂಯ್.

ಹಾಡುಗಾರ ಹಾಡು ನಿಲ್ಲಿಸಿ ಬಗ್ಗಿ ನೋಡಿದ. ಬೋಲ್ಟಿನ ಮೇಲೆ ವ್ಯಾನಿನವನ ಕೈಯ ಗ್ರೀಸು ಇನ್ನೂ ಹಸಿಯಾಗಿತ್ತು.

"ಅಣ್ಣ, ನಿನ್ನೆ ಹಾಡು ಕೇಳಿಸುತ್ತಿತ್ತಲ್ಲ?"

"ಕೇಳಿಸುತ್ತಿತ್ತು. ನಡುವೆ ಸೇರಿಸುವ ತಂತಿ ಮಾತ್ರ ಕಾಣಲಿಲ್ಲ."

ಹಾಡುಗಾರ ತಂಬೂರಿಯನ್ನು ಹೆಗಲಿಗೇರಿಸಿ, ವ್ಯಾನಿನಿಂದ ಇಳಿದು ನಡೆದುಹೋದ.

ಗುರುಗಳು ಕತೆ ನಿಲ್ಲಿಸಿದರು. ಒಳಮನೆಯಲ್ಲಿ ಪುಟ್ಟಬಸವ ಪಾಠ ಉರುಹೊಡೆಯುತ್ತಿದ್ದ ದನಿ ಕೇಳಿಸಿತು. ನಿನ್ನೆ ಜಗಲಿಯಲ್ಲಿ ಮರಿಸ್ವಾಮಿ ಕಲಿತದ್ದೂ ಅದೇ ಪಾಠ. ಅವನ ಕಂಕುಳ ಗಂಟು ಸಡಿಲವಾಯಿತು.

"ಬುದ್ಧಿ, ವ್ಯಾನಿನವನು ಆಮೇಲಾದರೂ ಆ ತಂತಿಗಳನ್ನು ಬಿಚ್ಚಿದನೇ?"

"ಬಿಚ್ಚಿದ, ಸದ್ದು ನಿಂತಿತು, ಹಾಡಲು ಮಾತ್ರ ಯಾರೂ ಇರಲಿಲ್ಲ."