ಹೊಟ್ಟೆಯೊಳಗಿನ ಕಳ್ಳ

ರಕ್ತ ಹೀರುವ ಮರಳುನೊಣ ಕಚ್ಚಿದ ಗಾಯದ ಬಳಿ ಒಂದು ಬಿಳಿ ರಕ್ತಕಣ ಕಾವಲಿಗಿತ್ತು. ಒಳನುಗ್ಗಿದ ಪರೋಪಜೀವಿಯನ್ನು ಅದು ಗಬಕ್ಕನೆ ನುಂಗಿತು. ಆದರೆ ನುಂಗಿದ್ದು ಅರಗಲಿಲ್ಲ.

"ಬೆಚ್ಚಗಿದೆಯಣ್ಣ ನಿನ್ನ ಹೊಟ್ಟೆ," ಎಂದಿತು ಪರೋಪಜೀವಿ ಒಳಗಿನಿಂದ. "ನಾನಿಲ್ಲಿರುವುದನ್ನು ಯಾರಿಗೂ ಹೇಳಬೇಡ. ಕಾವಲುಗಾರನ ಹೊಟ್ಟೆಯಲ್ಲೇ ಕಳ್ಳನಿದ್ದಾನೆಂದು ಗೊತ್ತಾದರೆ ಮಾನ ಹೋಗುವುದು ನಿನ್ನದು, ನನ್ನದಲ್ಲ."

ಕಾವಲು ಕಣ ಬಾಯಿ ಮುಚ್ಚಿಕೊಂಡಿತು. ಗಸ್ತು ತಿರುಗುವ ಸಹಾಯಕ ಕಣ ಬಂದು "ಕ್ಷೇಮವೇ ಅಣ್ಣ?" ಎಂದು ಕೇಳಿದಾಗಲೆಲ್ಲ "ಕ್ಷೇಮ ತಂಗಿ" ಎಂದು ಸಾಗಹಾಕಿತು. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಹೊಟ್ಟೆ ಬಿರಿಯುವಂತಾಯಿತು.

ಕೊನೆಗೆ ಅದು ನಾಚಿಕೆ ಬಿಟ್ಟು, ಪರೋಪಜೀವಿಯ ಮೈಯ ಒಂದು ಚೂರನ್ನು ಹೊರತಂದು ಎಲ್ಲರಿಗೂ ಕಾಣುವಂತೆ ಹಿಡಿಯಿತು. "ತಂಗಿ, ಇವನು ನನ್ನೊಳಗಿದ್ದಾನೆ. ನನ್ನೊಬ್ಬನಿಂದ ಆಗುತ್ತಿಲ್ಲ."

ಸಹಾಯಕ ಕಣ ಬೈಯಲಿಲ್ಲ. ಚೂರನ್ನು ಮುಟ್ಟಿ ನೋಡಿ, ಹತ್ತಿರ ನಿಂತು, ಕಾವಲು ಕಣಗಳಿಗೆ ಬಲ ತುಂಬುವ ತನ್ನ ರಸವನ್ನು ಎರೆಯಿತು. ಕಾವಲು ಕಣದ ಹೊಟ್ಟೆಯಲ್ಲಿ ಬೆಂಕಿ ಹೊತ್ತಿಕೊಂಡಿತು. ಕಳ್ಳರೆಲ್ಲ ಅರಗಿಹೋದರು.

"ನಿನ್ನ ಉಪಕಾರ ಮರೆಯಲಾರೆ ತಂಗಿ."

"ಬೆಂಕಿ ನಿನ್ನದೇ ಅಣ್ಣ, ನಾನು ಊದಿದೆ ಅಷ್ಟೆ. ನೀನು ತೋರಿಸಿದೆಯಲ್ಲ, ನಾನೇ ನಿನಗೆ ಋಣಿ. ಮುಚ್ಚಿಟ್ಟಿದ್ದರೆ ಇಡೀ ಮೈಗೇ ಹಬ್ಬುತ್ತಿತ್ತು."

ಪಕ್ಕದಲ್ಲಿ ಇನ್ನೊಂದು ಕಾವಲು ಕಣ ಉಬ್ಬಿದ ಹೊಟ್ಟೆ ಹೊತ್ತುಕೊಂಡು, ಯಾರೂ ಕೇಳದಿದ್ದರೂ "ಕ್ಷೇಮ, ಕ್ಷೇಮ" ಎನ್ನುತ್ತಿತ್ತು. ಮೊದಲನೆಯದು ಅದರ ಬಳಿಗೆ ಹೋಗಿ ಮೆಲ್ಲಗೆ ಹೇಳಿತು:

"ತಮ್ಮಾ, ನನ್ನ ಹೊಟ್ಟೆಯಲ್ಲೂ ಕಳ್ಳನಿದ್ದ."