ಸಾವ್ಕಾರರ ಕಾರಿನ ಮೂರು ಮೂಟೆ

ಸಾವ್ಕಾರ್ ವೀರಭದ್ರಪ್ಪನವರ ಪುಟ್ಟ ಕಾರು ಹುಣಸೆ ಮರದಡಿ ಒಂಬತ್ತು ವರ್ಷ ಕೊಳೆಯಿತು. ಕೊನೆಗೆ ಗುಜರಿ ಎಂದು ಅದನ್ನು ದರ್ಜಿ ವಿಠೋಬನಿಗೆ ಮಾರಿ ಕೈತೊಳೆದುಕೊಂಡರು.

ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅದೇ ಕಾರು ಅವರ ಜಗಲಿಯ ಮುಂದೆ ಹಾದುಹೋಯಿತು. ಹೊಗೆಯಿಲ್ಲ, ಗಡಗಡ ಸದ್ದಿಲ್ಲ. ಹಿಂದಿನ ಸೀಟಿನ ತುಂಬ ಶಾಲೆಗೆ ಹೊರಟ ಯೂನಿಫಾರಂ ಗಂಟುಗಳು. ಸಾವ್ಕಾರರ ಕಾಫಿ ಲೋಟ ಬಾಯಿಯ ಹತ್ತಿರವೇ ನಿಂತುಬಿಟ್ಟಿತು.

ಸಂಜೆ ವಿಠೋಬನ ಅಂಗಡಿಗೇ ಬಂದು ಗುಡುಗಿದರು. "ನಾನು ಮಾರಿದ್ದು ಗುಜರಿ ಕಣೋ, ಓಡೋ ಕಾರನ್ನಲ್ಲ! ನನ್ನದನ್ನ ನನಗೆ ವಾಪಸ್ ಕೊಡು."

"ಆಗಲಿ ಸಾವ್ಕಾರ್ರೇ," ಎಂದ ವಿಠೋಬ. "ಹೊಲಿದು ಉಳಿದ ತುಂಡು ಬಟ್ಟೆಯನ್ನ ಗಿರಾಕಿಗೇ ಕೊಡೋದು ನಮ್ಮಪ್ಪನ ಕಾಲದ ಪದ್ಧತಿ. ನಿಮ್ಮದನ್ನೂ ಎತ್ತಿಟ್ಟಿದ್ದೀನಿ."

ಒಳಗಿನಿಂದ ಮೂರು ಮೂಟೆ ಎಳೆದು ತಂದು ಬಿಚ್ಚಿದ. ತುಕ್ಕು ತಿಂದ ಸೈಲೆನ್ಸರ್, ಕಸ ಕಟ್ಟಿದ ಕಾರ್ಬೊರೇಟರ್, ಇಲಿ ಕಡಿದ ವೈರು, ಹರಿದ ಸೀಟು, ಅದರೊಳಗಿನ ಇಲಿಗೂಡು ಕೂಡ.

"ನೀವು ಮಾರಿದ ಗುಜರಿಯಲ್ಲಿ ಒಂದು ನಟ್ಟೂ ಕಮ್ಮಿಯಿಲ್ಲ. ಓಡೋದನ್ನ ಮಾರಿಲ್ಲ ಅಂತ ನೀವೇ ಹೇಳಿದ್ರಿ. ಆ ಓಡೋ ಕಾರು ನಾನು ಹೊಸ ಸಾಮಾನು ಹಾಕಿ ಮಾಡಿಕೊಂಡದ್ದು."

ಸಾವ್ಕಾರರು ಮೂಟೆ ನೋಡಿದರು, ಅಂಗಡಿ ಮುಂದೆ ನಿಂತಿದ್ದ ಕಾರು ನೋಡಿದರು. ಬಾಗಿಲು ತೆಗೆದರೆ ಕಿರ್ ಎನ್ನಲಿಲ್ಲ. ಹೊಸ ಸೀಟಿನ ಹೊಲಿಗೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಮದುವೆ ಕೋಟಿಗೂ ಅಂಥ ಹೊಲಿಗೆ ಬಿದ್ದಿದ್ದನ್ನು ಅವರು ಕಂಡಿರಲಿಲ್ಲ.

"ನನ್ನ ಹತ್ರ ಇದ್ದಾಗ ಇದು ಒಂದು ದಿನವೂ ಹೀಗಿರಲಿಲ್ಲವಲ್ಲೋ," ಎಂದರು. ದನಿ ಮೆತ್ತಗಾಗಿತ್ತು. ಆಮೇಲೆ ಮೂಟೆಗಳತ್ತ ತಿರುಗಿ, "ಇವನ್ನ ಮನೆಗೆ ಒಯ್ಯೋದು ಹೇಗೆ?" ಎಂದರು.

ವಿಠೋಬ ಮುಂದಿನ ಬಾಗಿಲು ಹಿಡಿದು ನಿಂತ. "ಹತ್ತಿ ಸಾವ್ಕಾರ್ರೇ, ನನ್ನ ಕಾರಿದೆಯಲ್ಲ."